ಭರಣಿಗೆ ಕುಸುಬಿ ಎಣ್ಣೆ

ನಮ್ಮೂರಲ್ಲಿ ಹೆಂಗಸರ ಎದೆಯಿಂದ ಕತ್ತರಿಸಿ ತೆಗೆದ ಗಂಟು ಸಾಯುವುದಿಲ್ಲ. ಹೊಳೆಯಾಚೆಯ ಆಸ್ಪತ್ರೆಯವರು ಅದನ್ನು ನೀರು ತುಂಬಿದ ಗಾಜಿನ ಭರಣಿಯಲ್ಲಿ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹೆಂಗಸಿನ ಜೊತೆಯಲ್ಲೇ ಮನೆಗೆ ಕಳಿಸುತ್ತಾರೆ. ಮನೆಯವರು ಅದನ್ನು ಮುಂಬಾಗಿಲಿನ ಪಕ್ಕದ ಗೂಡಿನಲ್ಲಿ ಇಡುತ್ತಾರೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ದಿನಾ ಬೆಳಿಗ್ಗೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಬೇಕು. ಆ ಎಣ್ಣೆ ಉಂಡು ಅದು ಬದುಕುತ್ತದೆ. ಕುಸುಬಿ ಎಣ್ಣೆ ಹಾಕಿದರೆ ಉಬ್ಬುತ್ತದೆ, ಅಗಸೆ ಎಣ್ಣೆ ಹಾಕಿದರೆ ಸೊರಗುತ್ತದೆ. ಇದು ಸುಳ್ಳಲ್ಲ, ಕಣ್ಣಾರೆ ನೋಡಿದ್ದೇನೆ. ನನ್ನ ಸಿಟ್ಟು ಭರಣಿಯ ಮೇಲೆ ಅಲ್ಲ. ಪಾಪ, ಅದು ಹಾಕಿದ್ದನ್ನು ತಿನ್ನುತ್ತದೆ, ಅಷ್ಟೇ. ನನ್ನ ಸಿಟ್ಟೆಲ್ಲ ಭರಣಿ ನೋಡುವವರ ಮೇಲೆ.

ನನ್ನ ಹೆಸರು ಇಂದ್ರವ್ವ. ಅಂಗಡಿ ಬೀದಿಯ ಮೂಲೆಯಲ್ಲಿರುವ ಖಾನಾವಳಿ ನಮ್ಮದು. ನಮ್ಮದು ಅಂದರೆ ನನ್ನದು ಮತ್ತು ನನ್ನ ನೆಗೆಣ್ಣಿ ಶಾವಂತ್ರವ್ವನದು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ನನ್ನ ಗಂಡ ಬೇಗ ತೀರಿಕೊಂಡ. ಅವಳ ಗಂಡ ಗದಿಗೆಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಂದವರ ಜೊತೆ ಹರಟೆ ಹೊಡೆಯುತ್ತಾನೆ, ಅದನ್ನೇ ಕೆಲಸ ಅಂದುಕೊಂಡಿದ್ದಾನೆ. ರೊಟ್ಟಿ ಬಡಿಯುವುದು ಅವಳು, ಬಾಣಲೆಯ ಮುಂದೆ ನಿಲ್ಲುವುದು ನಾನು. ಸಂಜೆಯಾದರೆ ನಮ್ಮ ಮಿರ್ಚಿ ಭಜಿಗೆ ಊರಿನ ಗಂಡಸರೆಲ್ಲ ಬಂದು ಬೆಂಚು ಹಿಡಿಯುತ್ತಾರೆ. ಕುಸುಬಿ ಎಣ್ಣೆಯಲ್ಲಿ ಕರಿದ ಭಜಿ. ಅದರ ರುಚಿಯೇ ಬೇರೆ, ನಾನೇ ಹೇಳಬಾರದು.

ಶಾವಂತ್ರವ್ವನ ಬಲಗಡೆಯ ಎದೆಯನ್ನು ಆಸ್ಪತ್ರೆಯಲ್ಲಿ ತೆಗೆದ ಮೇಲೆ ನಮ್ಮ ಮನೆಯ ಗೂಡಿಗೂ ಭರಣಿ ಬಂತು. ಮೊದಮೊದಲು ಮನೆಯಲ್ಲಿದ್ದ ಕುಸುಬಿ ಎಣ್ಣೆಯನ್ನೇ ಹಾಕಿದೆವು. ಗಂಟು ನೆನೆಸಿಟ್ಟ ಕಡಲೆಯಂತೆ ಉಬ್ಬಿತು. ಸೋಮವಾರ ಹಂಪಣ್ಣ ಮಾಸ್ತರರು ಬಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಭರಣಿ ನೋಡುವ ಹಿರಿಯರ ಮುಂದಾಳು. ಪ್ರತಿ ಸೋಮವಾರ ಬೀದಿ ಬೀದಿ ತಿರುಗಿ, ಭರಣಿಗೆ ಅಳತೆಪಟ್ಟಿ ಹಿಡಿದು, ‘ಏರೈತಿ’ ಅಥವಾ ‘ಇಳದೈತಿ’ ಅಂತ ಗಟ್ಟಿಯಾಗಿ ಕೂಗಿ ಹೇಳುವುದು ಅವರ ಕೆಲಸ. ಅವರ ಹಿಂದೆ ಅರ್ಧ ಊರು. ಏರಿದ ಮನೆಯ ಹೆಂಗಸು ಹೊಸ್ತಿಲ ಹೊರಗೆ ಬಂದು ನಿಲ್ಲಬೇಕು.

“ಏನ ತಿಂತಿಯವಾ ನೀ?” ಅಂತ ಕೇಳಿದರು ಮಾಸ್ತರರು.

“ಎಲ್ಲಾರೂ ತಿನ್ನೂದನ್ನ ತಿಂತೀನ್ರಿ,” ಅಂದಳು ಶಾವಂತ್ರವ್ವ.

“ಎಲ್ಲಾರೂ ಅಂದ್ರ ಹೆಂಗ? ಭರಣಿ ಇರೂದು ನಿಂದು. ನಾಲಗಿ ಬಿಗಿ ಹಿಡಿ. ಇವತ್ತಿಂದ ನಿಂಗೂ ಅಗಸಿ, ಅದಕ್ಕೂ ಅಗಸಿ.”

ಅಷ್ಟು ಹೇಳಿ ಹಿರಿಯರೆಲ್ಲ ನಮ್ಮ ಖಾನಾವಳಿಗೇ ಬಂದು ಕೂತು ತಲಾ ಒಂದು ತಟ್ಟೆ ಮಿರ್ಚಿ ತರಿಸಿಕೊಂಡರು. ನಾನೇ ಕರಿದು ಕೊಟ್ಟೆ. ಕೈಯಲ್ಲಿ ಜಾಲರಿ ಇತ್ತು. ಕಾದ ಎಣ್ಣೆ ಮುಂದೆಯೇ ಇತ್ತು. ನಾನು ಎಷ್ಟು ಒಳ್ಳೆಯವಳು ಅಂದರೆ ಅವರ ತಟ್ಟೆಗೆ ಉಳ್ಳಾಗಡ್ಡಿಯನ್ನೂ ಹೆಚ್ಚಿ ಹಾಕಿದೆ.

ಗದಿಗೆಪ್ಪನ ಕುತ್ತಿಗೆಯ ಮೇಲೂ ಹಿಂದೊಮ್ಮೆ ಒಂದು ಕೊಬ್ಬಿನ ಗಂಟು ಎದ್ದಿತ್ತು. ಅದನ್ನು ಕೊಯ್ದು ತೆಗೆದು ಆಸ್ಪತ್ರೆಯ ಹಿಂದೆ ಹೂತರು. ಅದು ಸುಮ್ಮನೆ ಸತ್ತುಹೋಯಿತು. ಗಂಡಸರ ಮೈಯಿಂದ ತೆಗೆದದ್ದು ನಮ್ಮೂರಲ್ಲಿ ಸುಮ್ಮನೆ ಸಾಯುತ್ತದೆ. ಅವನು ಏನು ತಿಂದ ಅಂತ ಯಾರೂ ಕೇಳಲಿಲ್ಲ.

ಅಂದಿನಿಂದ ಶಾವಂತ್ರವ್ವ ಕರಿದದ್ದನ್ನು ಮುಟ್ಟಲಿಲ್ಲ. ಅನ್ನಕ್ಕೆ ಅಗಸೆ ಎಣ್ಣೆ, ರೊಟ್ಟಿಗೆ ಅಗಸೆ ಚಟ್ನಿ, ಹಬ್ಬದ ದಿನವೂ ಅದೇ. ದಿನವಿಡೀ ಭಜಿಯ ವಾಸನೆಯಲ್ಲಿ ನಿಂತು ರೊಟ್ಟಿ ಬಡಿದು, ಒಂದು ಚೂರೂ ಬಾಯಿಗೆ ಹಾಕಿಕೊಳ್ಳದೆ ಮನೆಗೆ ಬರುತ್ತಿದ್ದಳು. ಮಿರ್ಚಿ ಅಂದರೆ ಅವಳಿಗೆ ಜೀವ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಗೆ ಕಾಣದ ಹಾಗೆ ನಾವಿಬ್ಬರೂ ಹಿತ್ತಲಲ್ಲಿ ಕೂತು ಒಂದೇ ಮಿರ್ಚಿಯನ್ನು ಮುರಿದು ತಿಂದಿದ್ದೆವು. ಈಗ ಒಬ್ಬಳೇ ತಿನ್ನಲಾರದೆ ನಾನೂ ಬಿಟ್ಟೆ.

ಭರಣಿ ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಗಂಟು ತಳದಲ್ಲಿ ತೆಳ್ಳನೆಯ ಕೆನೆಯಷ್ಟು ಉಳಿಯಿತು. ಮಾಸ್ತರರು ಬೀದಿಯಲ್ಲಿ ನಿಂತು ‘ಇಳದೈತಿ’ ಅಂತ ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ಭರಣಿಗೆ ಸೇವಂತಿಗೆ ಹಾರ ಹಾಕಿದರು. ಗದಿಗೆಪ್ಪ ಎಲ್ಲರಿಗೂ ಚಹಾ ಕುಡಿಸಿದ. ಶಾವಂತ್ರವ್ವ ಆರಾಮಾದಳು ಅಂತ ಊರು ತೀರ್ಮಾನಿಸಿತು. ಆಸ್ಪತ್ರೆಯಲ್ಲಿ ಇನ್ನೂ ಹಾಕಬೇಕಾಗಿದ್ದ ಸೂಜಿಮದ್ದು ಬಾಕಿ ಇತ್ತು. ಅದು ಬೇಡ ಅಂದರು ಹಿರಿಯರು. ಯಾಕೆಂದರೆ ನಮ್ಮೂರಲ್ಲಿ ಇನ್ನೊಂದು ಕಟ್ಟು ಇದೆ: ಇಳಿದ ಭರಣಿಯ ಹೆಂಗಸು ಹೊಳೆ ದಾಟಬಾರದು. ದಾಟಿದರೆ ಊರಿನ ಬಾಕಿ ಭರಣಿಗಳೆಲ್ಲ ಮುನಿದು ಏರುತ್ತವೆ ಅನ್ನುತ್ತಾರೆ. ಹೊಳೆ ದಾಟಲು ಇರುವುದು ಒಂದೇ ಲಾಂಚು. ಹಿರಿಯರು ಹೂಂ ಅನ್ನದೆ ಲಾಂಚಿನವನು ಹಗ್ಗ ಬಿಚ್ಚುವುದಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಅವಳಿಗೆ ಬೆನ್ನು ನೋವು ಶುರುವಾಯಿತು. ಮೊದಲು ರೊಟ್ಟಿ ಬಡಿದ ನೋವು ಅಂದುಕೊಂಡೆವು. ಆಮೇಲೆ ಬಗ್ಗಲಾಗದೆ ಹೋಯಿತು. ಹಿಟ್ಟಿನ ಪರಾತ ಎತ್ತುವಾಗ ಹಲ್ಲು ಕಚ್ಚುತ್ತಿದ್ದಳು. ಒಂದು ದಿನ ಗದಿಗೆಪ್ಪನಿಗೆ ಹೇಳಿದಳು. ನಾನು ಅಲ್ಲೇ ಇದ್ದೆ.

“ಬೆನ್ನಾಗ ಎಲುಬು ಕೊರದಂಗ ಆಗತೈತಿ. ದವಾಖಾನಿಗೆ ಹೋಗೂಣು.”

ಗದಿಗೆಪ್ಪ ಅವಳ ಕಡೆ ನೋಡಲಿಲ್ಲ. ಎದ್ದು ಹೋಗಿ ಗೂಡಿನ ಮುಂದೆ ನಿಂತು ಭರಣಿಯನ್ನು ನೋಡಿದ. “ಇಲ್ಲೆ ಏನೂ ಇಲ್ಲಲ್ಲ. ಎಷ್ಟ ಚಲೋ ಇಳದೈತಿ ನೋಡು,” ಅಂದ.

ನನಗೆ ಮೈಯೆಲ್ಲ ಉರಿಯಿತು. “ಭಾವಾ, ನೋವು ಅಕಿ ಬೆನ್ನಾಗ ಐತಿ. ಗೂಡಿನಾಗಲ್ಲ,” ಅಂದೆ.

“ನಿಂಗೇನ ತಿಳಿತೈತಿ? ಮಾಸ್ತರ ಕಲತಾವ್ರು,” ಅಂತ ಖಾನಾವಳಿಗೆ ಹೊರಟ.

ಅದಕ್ಕಿಂತ ನನಗೆ ಸಂಕಟವಾದದ್ದು ಶಾವಂತ್ರವ್ವನನ್ನು ನೋಡಿ. ಅವಳೂ ದಿನಾ ಬೆಳಿಗ್ಗೆ ಎದ್ದು ಗೂಡಿನ ಹತ್ತಿರ ಹೋಗುತ್ತಿದ್ದಳು. ಬೆನ್ನು ಹಿಡಿದುಕೊಂಡೇ ಭರಣಿಯೊಳಗೆ ಇಣುಕುತ್ತಿದ್ದಳು. ಅದು ಇಳಿದೇ ಇತ್ತು. ‘ಹಂಗಾರ ನನಗ ನೋವಿಲ್ಲೇನೋ ಇಂದ್ರಾ’ ಅಂತ ನನ್ನನ್ನೇ ಕೇಳಿದಳು. ತನ್ನ ಎಲುಬಿನ ನೋವನ್ನು ಗಾಜಿನ ಭರಣಿಯೊಂದು ಹೌದು ಅನ್ನಲಿ ಅಂತ ಕಾಯುವ ಸ್ಥಿತಿಗೆ ಒಬ್ಬ ಹೆಂಗಸನ್ನು ತಂದು ನಿಲ್ಲಿಸಿದವರನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಸೂಜಿಗೆ ಬರಬೇಕಾದವರು ಬರದೇ ಇದ್ದುದಕ್ಕೆ ಆಸ್ಪತ್ರೆಯ ಡಾಕ್ಟರು ನಫೀಸಾ ಬಾಯಿ ಒಂದು ಸೋಮವಾರ ತಾವೇ ಲಾಂಚು ಹತ್ತಿ ಬಂದರು. ಸಣ್ಣ ಆಳು, ದೊಡ್ಡ ದನಿ. ಭರಣಿ ನೋಡುವ ಹಿರಿಯರೆಲ್ಲ ನಮ್ಮ ಮನೆಯ ಮುಂದೆಯೇ ಇದ್ದರು. ಡಾಕ್ಟರು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಹೌದು, ಇಳಿದಿದೆ. ಅಗಸೆಯಿಂದಲೇ ಇಳಿದಿದೆ,” ಅಂದರು. “ಎಣ್ಣೆಯಲ್ಲಿರೋ ಕೊಬ್ಬಿನ ಆಮ್ಲಗಳನ್ನ ಈ ಜೀವಕೋಶಗಳು ಒಳಗೆ ಎಳ್ಕೊಂಡು ಅದರಿಂದಲೇ ತಮ್ಮ ಪೊರೆ ಕಟ್ಕೋತಾವೆ. ಕುಸುಬಿಯ ಆಮ್ಲ ಕೆಲವು ಗಂಟಿಗೆ ಬೆಳೆ ಅಂತ ಹುಮ್ಮಸ್ಸು ಕೊಡುತ್ತೆ. ಅಗಸೆಯದು ತಡೆಯುತ್ತೆ. ಕೆಲವು ಗಂಟು ಎರಡಕ್ಕೂ ಜಪ್ಪಯ್ಯ ಅನ್ನಲ್ಲ. ನಾವೂ ಇದನ್ನೇ ನೋಡ್ತಾ ಇದ್ದೀವಿ.”

ಹಂಪಣ್ಣ ಮಾಸ್ತರರು ಜನರ ಕಡೆ ತಿರುಗಿ ಎರಡೂ ಕೈ ಎತ್ತಿದರು. “ಕೇಳಿದ್ರ್ಯಾ? ಡಾಕ್ಟರ್ ಬಾಯಾರೂ ಅದನ್ನ ಹೇಳಾಕತ್ತಾರ!”

“ನನ್ನ ಮಾತು ಮುಗಿದಿಲ್ಲ,” ಅಂದರು ಡಾಕ್ಟರು. “ಇದು ಭರಣಿ. ಇದಕ್ಕೆ ಎಲುಬಿಲ್ಲ, ಪಿತ್ತಜನಕಾಂಗ ಇಲ್ಲ, ರಕ್ತ ಹರಿಯಲ್ಲ. ನೀವು ಎಣ್ಣೆ ನೇರ ಇದರ ಬಾಯಿಗೆ ಹಾಕ್ತೀರಿ. ಈಕೆ ತಿಂದದ್ದು ಹೊಟ್ಟೆಗೆ ಹೋಗಿ ಹತ್ತು ಕಡೆ ಹಂಚಿ ಹೋಗುತ್ತೆ. ಭರಣಿಯಲ್ಲಿ ಇಳಿದದ್ದು ಈಕೆಯಲ್ಲಿ ಇಳಿದಿದೆ ಅಂತ ಯಾರು ಹೇಳಿದರು? ಈಕೆಯನ್ನ ನನ್ನ ಜೊತೆ ಕಳಿಸಿ. ಬೆನ್ನು ನೋಡಬೇಕು.”

ಜನ ಆ ಎರಡನೇ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅಗಸೆ ಗೆದ್ದಿತು ಅನ್ನುವ ಸುದ್ದಿ ಆಗಲೇ ಬೀದಿಯ ಕೊನೆ ಮುಟ್ಟಿತ್ತು. ನಾನು ಶಾವಂತ್ರವ್ವನ ಕೈ ಹಿಡಿದು ಡಾಕ್ಟರ ಹಿಂದೆ ಹೊಳೆಯ ಕಟ್ಟೆಯವರೆಗೆ ಹೋದೆ. ಅಲ್ಲಿ ನಮ್ಮನ್ನು ತಡೆದವರು ಗಂಡಸರಲ್ಲ. ಭರಣಿ ಇಟ್ಟುಕೊಂಡ ಹೆಂಗಸರು ಸಾಲಾಗಿ ನಿಂತಿದ್ದರು. ಪಕ್ಕದ ಮನೆಯ ಫಕೀರವ್ವ ಎಲ್ಲರಿಗಿಂತ ಮುಂದೆ. “ನೀ ದಾಟಿದ್ರ ನಮ್ಮ ಭರಣಿ ಏರತಾವ ಶಾವಂತ್ರಾ. ನಿನ್ನ ಕಾಲ ಹಿಡಿತೀನಿ,” ಅಂತ ಅಳುತ್ತಿದ್ದಳು. ಅಳುವವರನ್ನು ದೂಡಿ ಹೋಗುವ ಗುಣ ಶಾವಂತ್ರವ್ವನದಲ್ಲ. ಡಾಕ್ಟರು ಲಾಂಚಿನವನ ಜೊತೆ ಜಗಳಾಡಿ ಜಗಳಾಡಿ ದನಿ ಬಿದ್ದುಹೋಗಿ ಒಬ್ಬರೇ ಹೋದರು.

ಮಾರನೆಯ ದಿನ ಮಧ್ಯಾಹ್ನ, ಊಟದವರೆಲ್ಲ ಹೋದ ಮೇಲೆ, ನಾನು ಪಾತ್ರೆ ತಿಕ್ಕುತ್ತಿದ್ದೆ. ಶಾವಂತ್ರವ್ವ ಗೋಡೆಗೆ ಆನಿಕೊಂಡು ನಿಂತಿದ್ದಳು.

“ಇಂದ್ರಾ, ಏರಿದ ಭರಣಿಯಾಕಿನ್ನ ಹೊಳಿ ದಾಟಾಕ ಬಿಡ್ತಾರ, ಹೌದಿಲ್ಲೋ?”

“ಹೌದು. ಬೈದು ಬಿಡ್ತಾರ.”

“ಹಂಗಾರ ನಾಳಿಂದ ಭರಣಿಗೆ ಕುಸುಬಿ ಎಣ್ಣಿ ಹಾಕು.”

ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. “ಮತ್ತ ನಿಂಗ?”

“ನಂಗ ಅಗಸಿನ ಇರ್ಲಿ,” ಅಂದಳು. “ಅಷ್ಟರ ಆಸರ ಆಗತೈತೇನೋ.”

ಆ ಮಾತು ಕೇಳಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಅಂದಿನಿಂದ ಎಣ್ಣೆ ಹಾಕುವ ಕೆಲಸ ನನ್ನದಾಯಿತು. ಬೆಳಿಗ್ಗೆ ಗದಿಗೆಪ್ಪ ಹಲ್ಲುಜ್ಜುತ್ತಾ ನಿಂತಿರುವಾಗ ಅವನ ಕಣ್ಣೆದುರಿಗೇ ಹಾಕುತ್ತಿದ್ದೆ. ಅಗಸೆಯ ಬಾಟಲಿಯಲ್ಲಿ ಕುಸುಬಿ ತುಂಬಿದ್ದೆ. ಅವನಿಗೆ ಬಾಟಲಿ ಗೊತ್ತಿತ್ತು, ಎಣ್ಣೆಯ ವಾಸನೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎರಡೂ ಎಣ್ಣೆಯ ಅಡುಗೆ ತಿಂದ ಮನುಷ್ಯ. ನಾನು ಒಂದು ಚಮಚಕ್ಕೆ ನಿಲ್ಲಿಸಲಿಲ್ಲ. ಸಿಟ್ಟು ಬಂದಾಗಲೆಲ್ಲ ಹೋಗಿ ಇನ್ನೊಂದು ಚಮಚ ಹಾಕಿ ಬಂದೆ. ನನಗೆ ದಿನಕ್ಕೆ ಬಹಳ ಸಲ ಸಿಟ್ಟು ಬರುತ್ತಿತ್ತು.

ಗಂಟು ಕೆನೆಯಿಂದ ಕಾಳಾಯಿತು, ಕಾಳಿನಿಂದ ಲಿಂಬೆಕಾಯಿ ಆಯಿತು. ಸೋಮವಾರದ ಹೊತ್ತಿಗೆ ಬಾಯಿಗೆ ಕಟ್ಟಿದ ಬಟ್ಟೆಯನ್ನು ಒಳಗಿಂದ ಒತ್ತುತ್ತಿತ್ತು. ಮಾಸ್ತರರು ಅಳತೆಪಟ್ಟಿ ಹಿಡಿಯುವುದನ್ನೇ ಮರೆತರು. ಅವರ ಮುಖದಲ್ಲಿ ನಿಜವಾದ ದುಃಖ ಇತ್ತು. ಸುಳ್ಳು ಹೇಳಲಾರೆ, ಆತ ಕೆಟ್ಟ ಮನುಷ್ಯನಲ್ಲ. ಅದಕ್ಕೇ ನನಗೆ ಆತನ ಮೇಲೆ ಇನ್ನೂ ಸಿಟ್ಟು. ಕೆಟ್ಟವನಾಗಿದ್ದರೆ ಒಂದು ಸಲ ಬೈದು ಹಗುರಾಗುತ್ತಿದ್ದೆ.

“ಏರೈತಿ,” ಅಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, “ಏನ ತಿಂದಿ ಶಾವಂತ್ರವ್ವಾ?”

ಬೀದಿ ತುಂಬ ಜನ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಸೆಟೆದು ನಿಲ್ಲಲು ಆಗುತ್ತಿರಲಿಲ್ಲ. ಎದೆಯ ಮೇಲೆ ಸೆರಗು ಹೊದ್ದು, ತಲೆ ಬಗ್ಗಿಸಿ, “ಮಿರ್ಚಿ ತಿಂದೀನ್ರಿ,” ಅಂದಳು.

“ಎಷ್ಟು?”

“ದಿನಾ ತಿಂದೀನ್ರಿ. ಕದ್ದು ತಿಂದೀನಿ.”

ಜನ ಗೊಳ್ಳೆಂದರು. ಯಾರೋ ‘ನಾಚಿಕಿ ಇಲ್ಲದಾಕಿ’ ಅಂದರು. ಗದಿಗೆಪ್ಪ ಹಣೆ ಬಡಿದುಕೊಂಡು ನನ್ನ ಕಡೆ ಕೈ ಮಾಡಿ, “ಈಕಿನ ಕೊಟ್ಟಿರಬೇಕು, ಬಾಣಲಿ ಮುಂದ ಇರೂದು ಈಕಿ,” ಅಂದ. ಅವನ ಮೀಸೆಯ ಮೇಲೆ ಹಿಂದಿನ ಸಂಜೆಯ ಭಜಿಯ ಎಣ್ಣೆ ಇನ್ನೂ ಮಿಂಚುತ್ತಿತ್ತೇನೋ ಅನ್ನಿಸಿತು ನನಗೆ. ಬಾಯಿ ತೆರೆದೆ. ಅವಳು ಒಂದು ಹಬ್ಬಕ್ಕೂ ಒಂದು ತುಣುಕು ಮುಟ್ಟಿಲ್ಲ, ತಿಂದವರು ನೀವು ಅಂತ ಕಿರುಚಬೇಕು ಅಂದುಕೊಂಡೆ. ಶಾವಂತ್ರವ್ವ ತಲೆ ಬಗ್ಗಿಸಿದಲ್ಲಿಂದಲೇ ನನ್ನನ್ನು ನೋಡಿದಳು. ಬಾಯಿ ತೆರೆದರೆ ಲಾಂಚು ತಪ್ಪುತ್ತದೆ ಅಂತ ಆ ನೋಟ ಹೇಳಿತು. ನಾನು ನಾಲಗೆ ಕಚ್ಚಿಕೊಂಡೆ. ನಿಜವಾಗಿ ಕಚ್ಚಿಕೊಂಡೆ, ರಕ್ತ ಬಂತು.

ಭರಣಿ ಏರಿ ಹೊಳೆ ದಾಟುವವಳು ಅದನ್ನು ಸೊಂಟದ ಮೇಲೆ ಹೊತ್ತು, ಪ್ರತಿ ಮನೆಯ ಮುಂದೆ ನಿಂತು ‘ನಾಲಗಿ ತಪ್ಪೈತಿ’ ಅಂತ ಹೇಳುತ್ತಾ ಕಟ್ಟೆಗೆ ಹೋಗಬೇಕು. ಬೆನ್ನೆಲುಬು ಕೊರೆಯುವ ನೋವಿನಲ್ಲಿ ಅವಳು ಅದನ್ನು ಹೊತ್ತಳು. ನಾನು ಹಿಡಿಯಲು ಹೋದರೆ ಬಿಡಲಿಲ್ಲ. ಒಂದೊಂದು ಮನೆಯ ಮುಂದೆಯೂ ನಿಂತಳು, ಒಂದೊಂದು ಕಡೆಯೂ ಹೇಳಿದಳು. ನಮ್ಮ ಭಜಿ ತಿಂದು ತಿಂದು ಹೊಟ್ಟೆ ಬಿಟ್ಟ ಗಂಡಸರು ಜಗಲಿಯ ಮೇಲೆ ಕೂತು ತಲೆ ಅಲ್ಲಾಡಿಸಿದರು. ಫಕೀರವ್ವ ಮಾತ್ರ ಬಾಗಿಲು ಹಾಕಿಕೊಂಡು ಒಳಗಿದ್ದಳು. ಕಟ್ಟೆಯಲ್ಲಿ ಭರಣಿಯನ್ನು ಗದಿಗೆಪ್ಪನಿಗೆ ಒಪ್ಪಿಸಿದ ಮೇಲೆ ಲಾಂಚಿನವನು ಹಗ್ಗ ಬಿಚ್ಚಿದ. ಹೊಳೆಯ ನಡುವೆ ಹೋಗುವವರೆಗೂ ಶಾವಂತ್ರವ್ವ ತಲೆ ಎತ್ತಲಿಲ್ಲ. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು, “ದಾಟಿದ್ವಲ್ಲ,” ಅಂದಳು.

ಆಸ್ಪತ್ರೆಯಲ್ಲಿ ಚಿತ್ರ ತೆಗೆದರು. ರೋಗ ಬೆನ್ನೆಲುಬಿಗೆ ಹರಡಿತ್ತು. ಭರಣಿಯಲ್ಲಿ ಇಳಿಯುತ್ತಿದ್ದ ದಿನಗಳಲ್ಲೇ ಅದು ಅವಳ ಎಲುಬಿನಲ್ಲಿ ಏರುತ್ತಿತ್ತು. ನಫೀಸಾ ಬಾಯಿ ನನ್ನನ್ನು ಹೊರಗೆ ಕರೆದು, “ಪೂರ್ತಿ ತೆಗೆಯೋಕೆ ಆಗಲ್ಲ. ಹಿಡಿದು ನಿಲ್ಲಿಸಬಹುದು, ವರ್ಷಗಟ್ಟಲೆ ನಿಲ್ಲಿಸಿದ್ದೂ ಉಂಟು. ಅರ್ಧಕ್ಕೆ ಬಿಟ್ಟ ಸೂಜಿಯನ್ನ ಆಗಲೇ ಮುಗಿಸಿದ್ದಿದ್ದರೆ...” ಅಂದು ಅಲ್ಲಿಗೇ ನಿಲ್ಲಿಸಿದರು. ಆ ಮಾತಿನ ಉಳಿದ ಅರ್ಧವನ್ನು ನಾನು ಇವತ್ತಿಗೂ ದಿನಾ ಮನಸ್ಸಿನಲ್ಲಿ ಮುಗಿಸುತ್ತೇನೆ. ಆ ದಿನಗಳನ್ನು ನಮ್ಮಿಂದ ಯಾರು ಕಸಿದುಕೊಂಡರು? ಭರಣಿಗೆ ಹಾರ ಹಾಕಿದ ಕೈಗಳೇ.

ಬೆನ್ನಿಗೆ ಶಾಖದ ಯಂತ್ರ ಹಿಡಿದರು, ಕೈಗೆ ಸೂಜಿ ಚುಚ್ಚಿ ಹನಿ ಹನಿಯಾಗಿ ಮದ್ದು ಬಿಟ್ಟರು. ಅವಳ ಕೂದಲು ಉದುರಿತು. ಆಸ್ಪತ್ರೆಯ ಸಾರಿನಲ್ಲಿ ಯಾವ ಎಣ್ಣೆ ಇತ್ತೋ ದೇವರೇ ಬಲ್ಲ. ಅವಳು ಹೆದರಿ ಡಾಕ್ಟರನ್ನು ಕೇಳಿದಳು. “ಅಗಸೆ ಒಳ್ಳೇದೇ, ಇಷ್ಟ ಇದ್ದರೆ ತಿನ್ನಿ,” ಅಂದರು ಅವರು. “ಆದರೆ ಅದು ಚಟ್ನಿ. ಮದ್ದು ಇಲ್ಲಿದೆ. ಮತ್ತೆ ಒಂದು ಕೇಳಿ, ನೀವು ತಿಂದದ್ದಕ್ಕೆ ಇದು ಬಂತು ಅಂತ ಹೇಳೋ ಧೈರ್ಯ ನನಗಿಲ್ಲ. ಬೇರೆ ಯಾರಿಗಾದರೂ ಇದ್ದರೆ ನನ್ನ ಹತ್ತಿರ ಕಳಿಸಿ.” ಶಾವಂತ್ರವ್ವ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ನೋವಿಗೂ ಅವಳು ಹಾಗೆ ಅತ್ತಿರಲಿಲ್ಲ.

ನೋವು ಇಳಿಯಿತು. ಕೋಲು ಹಿಡಿದು ನಡೆಯುವಂತಾದಳು. ಲಾಂಚಿನಲ್ಲಿ ಊರಿಗೆ ಮರಳಿದಾಗ ಕಟ್ಟೆಯ ಮೇಲೆ ಜನ ನೆರೆದಿತ್ತು, ಬಾಜಾ ಬಜಂತ್ರಿ ಇತ್ತು. ಗದಿಗೆಪ್ಪ ಭರಣಿಯನ್ನು ಎದೆಗೆ ಅವಚಿಕೊಂಡು ಮುಂದೆ ನಿಂತಿದ್ದ. ನಾವಿಲ್ಲದಾಗ ಅವನು ಒಂದು ದಿನವೂ ತಪ್ಪದೆ ಅಗಸೆ ಎಣ್ಣೆ ಹಾಕಿದ್ದನಂತೆ. ಗಂಟು ಮತ್ತೆ ಕೆನೆಯಾಗಿತ್ತು. ಮಾಸ್ತರರು ದೊಡ್ಡ ಹಾರ ಎತ್ತಿದರು. ಶಾವಂತ್ರವ್ವ ನಾಚಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕುತ್ತಿಗೆ ಬಗ್ಗಿಸಿದಳು. ಮಾಸ್ತರರು ಅವಳನ್ನು ದಾಟಿ ಹೋಗಿ ಹಾರವನ್ನು ಭರಣಿಗೆ ಹಾಕಿದರು.

ಅವಳು ಬಗ್ಗಿಸಿದ ಕುತ್ತಿಗೆಯನ್ನು ಮೇಲೆತ್ತುವುದನ್ನು ನಾನು ನೋಡಿದೆ. ಆಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ.

“ಕೇಳ್ರಿ! ಭರಣಿಗೆ ಕುಸುಬಿ ಎಣ್ಣಿ ಹಾಕಿದಾಕಿ ನಾನು! ಅಕಿ ಒಂದ ಮಿರ್ಚಿನೂ ತಿಂದಿಲ್ಲ. ಅಕಿ ಅಗಸಿ ತಿಂದ್ಲು, ಭರಣಿ ಏರಿತು. ದವಾಖಾನಿ ಸಾರು ತಿಂದ್ಲು, ಭರಣಿ ಇಳೀತು. ಭರಣಿಗೂ ಅಕಿಗೂ ಏನ ಸಂಬಂಧ ಐತಿ, ಹೇಳ್ರಿ! ರೋಗ ಅಕಿ ಎಲುಬು ತಿನ್ನಾಕತ್ತಾಗ ನೀವು ಗಾಜಿಗೆ ಹಾರ ಹಾಕಿದ್ರಿ!”

ಬಾಜಾ ನಿಂತಿತು. ಗದಿಗೆಪ್ಪ ಬಾಯಿ ತೆರೆದುಕೊಂಡು ಭರಣಿಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಭರಣಿಯನ್ನೇ ನೋಡಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಯೋಚಿಸಿದರು. ಈಗಲಾದರೂ ತಿಳಿಯಿತೇನೋ ಅಂತ ನಾನು ಉಸಿರು ಹಿಡಿದು ನಿಂತೆ.

“ಅಂದ್ರ,” ಅಂದರು ಮಾಸ್ತರರು, “ಕುಸುಬಿ ಹಾಕಿದಾಗ ಏರಿತು, ಅಗಸಿ ಹಾಕಿದಾಗ ಇಳೀತು. ಭರಣಿ ಸುಳ್ಳ ಹೇಳಿಲ್ಲ ಅಂದಂಗಾತು!” ಜನರ ಮುಖ ಅರಳಿತು. ಬಾಜಾ ಮತ್ತೆ ಶುರುವಾಯಿತು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಶಾವಂತ್ರವ್ವ ಕೋಲು ಊರಿಕೊಂಡು ಬಂದು ನನ್ನ ಹೆಗಲು ಮುಟ್ಟಿದಳು. “ಏಳು ಇಂದ್ರಾ. ತಿಂದೀನಿ ಅಂತ ಊರ ಮುಂದ ಒಪ್ಪಿಕೊಂಡೀನಿ, ಮನಿ ಮನಿ ಮುಂದ ಬೈಸಿಕೊಂಡೀನಿ. ಆ ಮಿರ್ಚಿ ಇನ್ನೂ ನನ್ನ ಹೊಟ್ಟಿಗೆ ಬಂದಿಲ್ಲ. ನಡಿ, ಬಾಣಲಿ ಇಡು.”

ಬಾಣಲೆ ಇಟ್ಟೆ. ಹಿಟ್ಟು ಹದವಾಗಿತ್ತು. ಅವಳು ಗಂಡಸರ ಬೆಂಚಿನ ನಡುವೆ, ಬೀದಿಗೆ ಮುಖ ಮಾಡಿ ಕೂತಳು. ತಲೆಯ ಮೇಲಿನ ಸೆರಗು ತೆಗೆದು ಹೆಗಲಿಗೆ ಹಾಕಿಕೊಂಡಳು. ಬೋಳು ತಲೆಯನ್ನು ಜನ ನೋಡಿದರೆ ನೋಡಲಿ ಅಂತ ಬಿಟ್ಟಳು. ಬಿಸಿ ಮಿರ್ಚಿಯನ್ನು ಮುರಿದು ಅರ್ಧ ನನಗೆ ಕೊಟ್ಟಳು, ಅರ್ಧ ತಾನು ತಿಂದಳು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಗದಿಗೆಪ್ಪ ಹಾರ ಹಾಕಿದ ಭರಣಿಯನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅದನ್ನು ಎಲ್ಲಿ ಇಡಬೇಕು ಅಂತ ಅವನಿಗೆ ತಿಳಿಯಲಿಲ್ಲ. ನಾವೂ ಹೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ, ಊಟದವರು ಎದ್ದು ಹೋದ ಮೇಲೆ, ಹಿಂದಿನ ಬಾಗಿಲಲ್ಲಿ ಯಾರೋ ಬಂದು ನಿಂತಂತಾಯಿತು. ಫಕೀರವ್ವ. ಅವಳ ಭರಣಿ ಎಷ್ಟೋ ದಿನದಿಂದ ಇಳಿದೇ ಇತ್ತು. ಬೀದಿಯಲ್ಲಿ ಎಲ್ಲರೂ ಹೊಗಳುವ ಭರಣಿ. ಸೆರಗಿನೊಳಗಿಂದ ಒಂದು ಸಣ್ಣ ಬಟ್ಟಲು ತೆಗೆದು ನನ್ನ ಮುಂದೆ ಚಾಚಿದಳು. ಕಣ್ಣಿಗೆ ಕಣ್ಣು ಕೊಡಲಿಲ್ಲ.

“ಇಂದ್ರವ್ವಾ,” ಅಂದಳು, “ಒಂಚೂರು ಕುಸುಬಿ ಎಣ್ಣಿ ಐತೇನು?”

ಕಟ್ಟೆಯ ಮೇಲೆ ನಮ್ಮ ದಾರಿಗೆ ಅಡ್ಡ ನಿಂತವಳು ಇವಳೇ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಬಟ್ಟಲನ್ನು ಇಸಿದುಕೊಂಡು ತುಂಬಿಸಿದೆ.

“ಎಲ್ಲೆ ನೋವು?” ಅಂತ ಕೇಳಿದಳು ಶಾವಂತ್ರವ್ವ.

ಫಕೀರವ್ವ ಬಲಗಡೆಯ ಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದಳು.